ಸೇತಿಯ ಗೋರಿಯ ಚಾವಣಿ ನಿಜವಾಗಿ ನಕ್ಷತ್ರ ನಕ್ಷೆಯೇ? ಒಂದೂ ಹೊಂದುತ್ತಿಲ್ಲ

ಅಲೆಮಾರಿ ಲೆಕ್ಕಿಗ
ಜನವರಿಯಲ್ಲಿ ಈಜಿಪ್ಟಿನ ಲಕ್ಸರ್‌ಗೆ ಹೋಗಿ ಬಂದೆವು. ರಾಜರ ಕಣಿವೆಯಲ್ಲಿ ಒಂದನೇ ಸೇತಿಯ ಗೋರಿಗೆ ಬೇರೆಯೇ ಟಿಕೆಟ್. ಬೆಲೆ ಕೇಳಿದ ನನ್ನ ಹೆಂಡತಿ "ನೀವು ನೋಡಿ ಬನ್ನಿ, ನಾನು ನೆರಳಿನಲ್ಲಿ ಕೂತಿರುತ್ತೇನೆ" ಎಂದಳು. ಬಲವಂತ ಮಾಡಿ ಕರೆದುಕೊಂಡು ಹೋದೆ. ಇಳಿದಷ್ಟೂ ಇಳಿಯುವ ದಾರಿ. ಕೊನೆಗೆ ಶವಪೆಟ್ಟಿಗೆ ಇದ್ದ ಕೋಣೆ. ಅದರ ಕಮಾನಿನಂಥ ಚಾವಣಿ ಇಡೀ ಕಡುನೀಲಿ, ಮೇಲೆ ಹಳದಿ ಆಕೃತಿಗಳು. ಎದ್ದು ನಿಂತ ನೀರಾನೆ, ಅದರ ಬೆನ್ನಿಗೆ ಅಂಟಿಕೊಂಡ ಮೊಸಳೆ, ಒಂದು ಹೋರಿ, ಒಂದು ಸಿಂಹ, ಹೋರಿಯತ್ತ ಕೈ ಚಾಚಿದ ಒಬ್ಬ ಮನುಷ್ಯ. ನಮ್ಮ ಗೈಡ್ ಗಂಭೀರವಾಗಿ "ಇದು 3,300 ವರ್ಷ ಹಿಂದಿನ ಆಕಾಶದ ನಿಖರ ನಕ್ಷೆ" ಎಂದ.

ಊರಿಗೆ ಬಂದ ಮೇಲೆ ಮೊಬೈಲ್‌ನ ತಾರಾಲಯ ಆಪ್‌ನಲ್ಲಿ ಲಕ್ಸರ್ ಊರು, ಸೇತಿ ಸತ್ತ ಕ್ರಿ.ಪೂ. 1279ನೇ ವರ್ಷ ಹಾಕಿ ಮೂರು ಸಂಜೆ ಕೂತೆ. ನೀರಾನೆಯೂ ಸಿಗಲಿಲ್ಲ, ಸಿಂಹವೂ ಸಿಗಲಿಲ್ಲ. ಆಕೃತಿಗಳ ಮೇಲೆ ಇಟ್ಟಿರುವ ಚುಕ್ಕಿಗಳನ್ನು ಹೇಗೆ ತಿರುಗಿಸಿದರೂ ಯಾವ ನಕ್ಷತ್ರಕ್ಕೂ ಕೂರುವುದಿಲ್ಲ. ಇನ್ನೊಂದು ಫೋಟೋದಲ್ಲಿ ಇಬ್ಬರು ಉದ್ದನೆಯ ಹಳದಿ ಹೆಂಗಸರು ಬೆನ್ನಿಗೆ ಬೆನ್ನು ಕೊಟ್ಟು ಚಾವಣಿಯ ಉದ್ದಕ್ಕೂ ಚಾಚಿಕೊಂಡಿದ್ದಾರೆ. ಅದರಲ್ಲಿ ನಕ್ಷತ್ರಪುಂಜ ಎಲ್ಲಿದೆ? ನನ್ನ ಲೆಕ್ಕ ತಪ್ಪೋ, ಗೈಡ್ ಬಿಟ್ಟ ಬುರುಡೆಯೋ?

ರಾತ್ರಿಪಾಳಿ
ಕ್ರಿ.ಪೂ. 1279 ಎಂದರೆ ಆಪ್‌ನಲ್ಲಿ ಮೈನಸ್ 1278 ಎಂದು ಹಾಕಬೇಕು. ಖಗೋಳದವರ ಲೆಕ್ಕದಲ್ಲಿ ಸೊನ್ನೆ ವರ್ಷ ಇದೆ.

ಅಲೆಮಾರಿ ಲೆಕ್ಕಿಗ
ಲೆಕ್ಕಿಗನಿಗೇ ಲೆಕ್ಕ ತಪ್ಪಿತು! ಸರಿಪಡಿಸಿದೆ. ಈಗಲೂ ಹೊಂದುತ್ತಿಲ್ಲ.

ಗಣಿತದ ಅಕ್ಕ
ಒಂದು ವರ್ಷದ ವ್ಯತ್ಯಾಸಕ್ಕೆ ನಕ್ಷತ್ರಗಳು ಕದಲುವುದಿಲ್ಲ, ಬಿಡಿ. ನಿಮ್ಮ ತೊಂದರೆ ಬೇರೆ. ನೀವು ನಕ್ಷೆ ಎಂದುಕೊಂಡು ಹುಡುಕುತ್ತಿದ್ದೀರಿ, ಅಲ್ಲಿರುವುದು ಪಟ್ಟಿ.

ಮೊದಲು ಹೆಂಗಸರ ವಿಷಯ. ಆ ಫೋಟೋ ಸೇತಿಯ ಗೋರಿಯದ್ದಲ್ಲ, ಆರನೇ ರಾಮ್ಸೆಸ್‌ನ ಗೋರಿಯದ್ದು. ಅದೇ ದಿನ ಅದನ್ನೂ ನೋಡಿರುತ್ತೀರಿ, ಫೋಟೋಗಳು ಬೆರೆತಿವೆ. ಅವರು ಇಬ್ಬರಲ್ಲ, ಒಬ್ಬಳೇ: ಆಕಾಶದೇವತೆ ನೂತ್, ಎರಡು ಸಲ. ಒಂದು ಕಡೆ ಸೂರ್ಯನ ಹಗಲಿನ ಪಯಣ ಹೇಳುವ 'ಹಗಲಿನ ಗ್ರಂಥ', ಇನ್ನೊಂದು ಕಡೆ ರಾತ್ರಿಯ ಪಯಣ ಹೇಳುವ 'ರಾತ್ರಿಯ ಗ್ರಂಥ'. ಸಂಜೆ ಸೂರ್ಯನನ್ನು ಬಾಯಿಂದ ನುಂಗುತ್ತಾಳೆ, ಬೆಳಿಗ್ಗೆ ಹೆರುತ್ತಾಳೆ. ಅಲ್ಲಿ ನಕ್ಷತ್ರಪುಂಜ ಹುಡುಕಬೇಡಿ.

ಇನ್ನು ಸೇತಿಯ ಚಾವಣಿ. ಅದರಲ್ಲಿ ಎರಡು ಭಾಗ. ಒಂದು ದಕ್ಷಿಣದ್ದು: ಸಾಲು ಸಾಲಾಗಿ ಡೆಕನ್‌ಗಳ ಹೆಸರು, ಆಮೇಲೆ ಗ್ರಹಗಳು. ಆಕಾಶದಲ್ಲಿ ಒಂದಾದ ಮೇಲೊಂದು ಹುಟ್ಟುವ 36 ನಕ್ಷತ್ರ ಅಥವಾ ನಕ್ಷತ್ರಗುಂಪುಗಳೇ ಡೆಕನ್‌ಗಳು. ಹತ್ತು ದಿನಕ್ಕೊಂದರಂತೆ ಹೊಸ ಡೆಕನ್ ಸೂರ್ಯೋದಯಕ್ಕೆ ಮುಂಚೆ ಮೊದಲ ಬಾರಿಗೆ ಕಾಣಿಸುತ್ತದೆ. 36 ಹತ್ತಲೆ 360, ಮೇಲೆ ಐದು ದಿನ ಸೇರಿಸಿದರೆ ಅವರ ವರ್ಷ. ಇನ್ನೊಂದು ಭಾಗ ಉತ್ತರದ್ದು, ಅದೇ ನಿಮ್ಮ ನೀರಾನೆ, ಮೊಸಳೆ, ಹೋರಿ. ಇವೆಲ್ಲದರಲ್ಲಿ ಯಾರೂ ತಕರಾರು ತೆಗೆಯದೆ ಗುರುತಿಸುವುದು ಮೂರನ್ನು. ಸಾಹ್ ಎಂದರೆ ನಮ್ಮ ಮಹಾವ್ಯಾಧ, ಸೊಪ್ದೆತ್ ಎಂದರೆ ಲುಬ್ಧಕ, ಮೆಸ್ಖೆತಿಯು, ಅಂದರೆ ನೀವು ಕಂಡ ಹೋರಿ, ನಮ್ಮ ಸಪ್ತರ್ಷಿ ಮಂಡಲ. ಉಳಿದ ನೀರಾನೆ, ಸಿಂಹ ಎಲ್ಲ ವಿದ್ವಾಂಸರ ಜಗಳದ ವಸ್ತು. ನಿಮ್ಮ ಮೂರು ಸಂಜೆ ಹಾಳಾದದ್ದು ದೊಡ್ಡದಲ್ಲ. ಅದರ ಮೇಲೆ ಜೀವಮಾನ ಕಳೆದವರಿದ್ದಾರೆ.

ಧೂಮಕೇತು
ಅಕ್ಕ ಹೇಳಿದ್ದಕ್ಕೆ ಒಂದು ಸಾಕ್ಷಿ. ಸಪ್ತರ್ಷಿಯನ್ನು ಅವರು ಬರೆದ ಬಗೆ ನೋಡಿ. ಹಳೆಯ ಶವಪೆಟ್ಟಿಗೆಗಳ ಮುಚ್ಚಳದಲ್ಲಿ ಅದು ಹೋರಿಯ ಮುಂಗಾಲು, ಕಡಿದು ತಂದ ಕಾಲಿನಂತೆ. ಸೆನೆನ್‌ಮುತ್‌ನ ಚಾವಣಿಯಲ್ಲಿ ಮೊಟ್ಟೆಯಂಥ ದುಂಡು ಮೈ, ಅದಕ್ಕೊಂದು ಹೋರಿಯ ತಲೆ. ಸೇತಿಯ ಚಾವಣಿಯಲ್ಲಿ ಇಡೀ ಹೋರಿ. ಸುಮಾರು ಸಾವಿರದ ಇನ್ನೂರು ವರ್ಷ ಬಿಟ್ಟು ದೆಂದೆರಾ ಊರಿನ ದೇವಾಲಯದಲ್ಲಿ ನೋಡಿದರೆ ಮತ್ತೆ ಬರಿಯ ಕಾಲು. ನಕ್ಷೆಯಾಗಿದ್ದರೆ ಆಕೃತಿ ಹೀಗೆ ಮನಸ್ಸಿಗೆ ಬಂದಂತೆ ಬದಲಾಗಲು ಬಿಡುತ್ತಿದ್ದರೇ? ಯಾವ ನಕ್ಷತ್ರಗುಂಪು ಎಂದು ಹೆಸರಿನಿಂದ ಗೊತ್ತಾದರೆ ಸಾಕಿತ್ತು ಅವರಿಗೆ.

ಸುಮ್ಮನೆ ಓದುವವ
ಸೆನೆನ್‌ಮುತ್ ಯಾರು? ಅವನೂ ರಾಜನೇ?

ಧೂಮಕೇತು
ರಾಜನಲ್ಲ. ರಾಣಿ ಹತ್ಶೆಪ್ಸುತ್‌ಳ ಮೇಲ್ವಿಚಾರಕ, ಆಕೆಯ ಕಾಲದ ಅತ್ಯಂತ ಪ್ರಭಾವಿ ಅಧಿಕಾರಿ. ಕ್ರಿ.ಪೂ. 1470ರ ಆಸುಪಾಸು. ದೇರ್ ಎಲ್-ಬಹ್ರಿಯಲ್ಲಿ ಆಕೆಯ ದೇವಾಲಯದ ಪಕ್ಕದ ಕಲ್ಲುಗಣಿಯಲ್ಲಿ ಶುರುವಾಗಿ ನೆಲದಡಿ ಇಳಿಯುವ ಗೋರಿ ಅವನದು, ಮುಗಿಯದೆ ನಿಂತು ಹೋದದ್ದು. 1927ರಲ್ಲಿ ಅಮೆರಿಕದ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದ ವಿನ್‌ಲಾಕ್ ತಂಡ ಅದನ್ನು ಪತ್ತೆಹಚ್ಚಿತು. ಈವರೆಗೆ ಸಿಕ್ಕಿರುವ ಖಗೋಳ ಚಾವಣಿಗಳಲ್ಲಿ ಅದೇ ಅತಿ ಹಳೆಯದು. ಪುಟ್ಟ ಕೋಣೆ. ಸೇತಿಯದರಂತೆ ನೀಲಿ ಬಳಿದು ಮೆರೆಸಿದ್ದಲ್ಲ, ತೆಳುವಾದ ಗೆರೆಗಳು. ನನಗೆ ಸೇತಿಯದಕ್ಕಿಂತ ಅದೇ ಹೆಚ್ಚು ಇಷ್ಟ.

ಅದರಲ್ಲಿ ಉತ್ತರದ ಭಾಗದಲ್ಲಿ 12 ವೃತ್ತಗಳಿವೆ, ತಿಂಗಳಿಗೊಂದು. ಪ್ರತಿಯೊಂದೂ 24 ಪಾಲು.

ಪಂಚಾಂಗದ ಮೇಷ್ಟ್ರು
36 ಭಾಗಗಳ ವಿಷಯ ನಮ್ಮ ಜ್ಯೋತಿಷದಲ್ಲಿ ಮೊದಲಿನಿಂದ ಇದೆ. ದ್ರೇಕ್ಕಾಣ ಎನ್ನುತ್ತೇವೆ. ಒಂದೊಂದು ರಾಶಿಗೆ ಮೂರು, ಹನ್ನೆರಡು ರಾಶಿಗೆ 36. ವರಾಹಮಿಹಿರ ಬೃಹಜ್ಜಾತಕದಲ್ಲಿ ಅಷ್ಟೂ ದ್ರೇಕ್ಕಾಣಗಳ ರೂಪ ವರ್ಣಿಸಿದ್ದಾನೆ. ಮೇಷದ ಮೊದಲನೆಯದು ಸೊಂಟಕ್ಕೆ ಬಿಳಿ ಬಟ್ಟೆ ಸುತ್ತಿ ಕೊಡಲಿ ಎತ್ತಿ ನಿಂತ ಕೆಂಗಣ್ಣಿನ ಕಪ್ಪು ಗಂಡಸು. ಈಜಿಪ್ಟಿನವರು ಇದನ್ನು ನಮ್ಮಿಂದ ತೆಗೆದುಕೊಂಡಿರಬೇಕು.

ಗಣಿತದ ಅಕ್ಕ
ಮೇಷ್ಟ್ರೇ, ನಿಮ್ಮ ನೆನಪಿಗೆ ನಮಸ್ಕಾರ. ದಾರಿ ಮಾತ್ರ ತಿರುಗುಮುರುಗಾಯಿತು. ವರಾಹಮಿಹಿರ ಆರನೇ ಶತಮಾನದವನು. ಈಜಿಪ್ಟಿನ ಶವಪೆಟ್ಟಿಗೆಗಳಲ್ಲಿ ಡೆಕನ್‌ಗಳು ಕ್ರಿ.ಪೂ. 2100ರ ಹೊತ್ತಿಗೇ ಇವೆ. ಪದವನ್ನೇ ಕೇಳಿ ನೋಡಿ: ದ್ರೇಕ್ಕಾಣ, ದೃಕಾಣ. ಸಂಸ್ಕೃತದಲ್ಲಿ ಅದಕ್ಕೆ ಧಾತು ಹುಡುಕಿದರೆ ಸಿಗುವುದಿಲ್ಲ. ಗ್ರೀಕರ 'ದೆಕನೊಸ್', ಹತ್ತರವನು. ಈಜಿಪ್ಟಿನ 36 ಅಲೆಕ್ಸಾಂಡ್ರಿಯದ ಗ್ರೀಕರ ಕೈಗೆ ಬಂದು, ಬಾಬಿಲೋನಿನ 12 ರಾಶಿಗಳ ಜೊತೆ ಸೇರಿ, ರಾಶಿಗೆ ಮೂರರಂತೆ ಹಂಚಿಕೆಯಾಗಿ, ಯವನರ ಜಾತಕದೊಂದಿಗೆ ನಮ್ಮಲ್ಲಿಗೆ ಬಂತು. ಹೋರಾ ಎಂಬ ಪದ ಬಂದದ್ದೂ ಅಲ್ಲಿಂದಲೇ.

ನನಗೆ ಇದು ಅವಮಾನ ಎನಿಸುವುದಿಲ್ಲ. ಹಾಸನದ ಜೋಯಿಸರು ಮಗುವಿನ ಜಾತಕದಲ್ಲಿ ದ್ರೇಕ್ಕಾಣ ಕುಂಡಲಿ ಬರೆಯುವಾಗ ನೈಲ್ ದಡದ ಪೂಜಾರಿಯ ಲೆಕ್ಕವನ್ನೇ ಮುಂದುವರಿಸುತ್ತಿರುತ್ತಾರೆ. ಎಷ್ಟು ಸೊಗಸು!

ಪಂಚಾಂಗದ ಮೇಷ್ಟ್ರು
ನಮ್ಮ 27 ನಕ್ಷತ್ರಗಳಾದರೂ ನಮ್ಮವೇ ತಾನೇ?

ಗಣಿತದ ಅಕ್ಕ
ಕೃತ್ತಿಕೆಯಿಂದ ಶುರುವಾಗುವ ಪಟ್ಟಿ ವೇದಗಳಲ್ಲೇ ಇದೆಯಲ್ಲ ಮೇಷ್ಟ್ರೇ, ಅದಕ್ಕೆ ಗ್ರೀಕರ ಹಂಗು ಬೇಕಿಲ್ಲ. ಅದರ ಕೆಲಸವೂ ಬೇರೆ, ಚಂದ್ರ ಎಲ್ಲಿದ್ದಾನೆ ಎಂದು ಹೇಳುವುದು. ಡೆಕನ್‌ಗಳಿಗೂ ಚಂದ್ರನಿಗೂ ಸಂಬಂಧವಿಲ್ಲ. ರಾತ್ರಿ ಎಷ್ಟು ಹೊತ್ತಾಯಿತು ಎಂದು ತಿಳಿಯಲು ಅವು.

ರಾತ್ರಿಪಾಳಿ
ಮೂರು ಪಿರಮಿಡ್‌ಗಳು ಮಹಾವ್ಯಾಧನ ನಡುಪಟ್ಟಿಯ ಮೂರು ನಕ್ಷತ್ರಗಳ ಪಡಿಯಚ್ಚು ಎನ್ನುತ್ತಾರಲ್ಲ. ಅದರ ಬಗ್ಗೆ ಯಾರೂ ಮಾತಾಡುತ್ತಿಲ್ಲ?

ಧೂಮಕೇತು
ಮೂರು ಚುಕ್ಕಿ ಇದ್ದರೆ ಜಗತ್ತಿನ ಯಾವುದಕ್ಕೆ ಬೇಕಾದರೂ ಹೊಂದಿಸಬಹುದು. ಮೂರು ಪಿರಮಿಡ್ ಕಟ್ಟಿಸಿದವರು ಮೂರು ತಲೆಮಾರಿನ ಬೇರೆ ಬೇರೆ ರಾಜರು. ತಾತನೇ ಮೊಮ್ಮಗನ ಜಾಗ ಗುರುತು ಹಾಕಿಟ್ಟು ಹೋಗಿದ್ದನೇ? ಬೇಡ, ಈ ದಾರಿಗೆ ಹೋದರೆ ಅನ್ಯಗ್ರಹದವರು ಬರುತ್ತಾರೆ.

ರಾತ್ರಿಪಾಳಿ
ಸುಮ್ಮನೆ ಕೆಣಕಿದೆ.

ಹೊಲದ ಬದಿ
ನಾನು ಕೃಷಿಕ, ಖಗೋಳ ಓದಿದವನಲ್ಲ. ಡೆಕನ್ ಹತ್ತು ದಿನಕ್ಕೊಂದು ಎಂದದ್ದು ಕೇಳಿ ನನಗೆ ನಮ್ಮ ಮಳೆ ನಕ್ಷತ್ರಗಳು ನೆನಪಾದವು. ರೋಹಿಣಿ, ಮೃಗಶಿರ, ಆರಿದ್ರಾ ಎಂದು ಹದಿಮೂರು ಹದಿನಾಲ್ಕು ದಿನಕ್ಕೊಂದು ಮಳೆ. ಯಾವ ಮಳೆಗೆ ಏನು ಬಿತ್ತಬೇಕೆಂದು ನಮ್ಮ ತಂದೆ ಕ್ಯಾಲೆಂಡರ್ ನೋಡದೆ ಹೇಳುತ್ತಿದ್ದರು. "ಮಘೆ ಮಳೆ ಬಂದಷ್ಟೂ ಒಳ್ಳೆಯದು, ಮನೆ ಮಗ ಉಂಡಷ್ಟೂ ಒಳ್ಳೆಯದು" ಎಂಬ ಗಾದೆ ಎಲ್ಲರಿಗೂ ಗೊತ್ತು. ಈಜಿಪ್ಟಿನ ರೈತರಿಗೂ ಹೀಗೆ ಇತ್ತೇ?

ಗಣಿತದ ಅಕ್ಕ
ಇತ್ತು ಅಣ್ಣ, ಆದರೆ ಅವರಿಗೆ ಮಳೆ ಇಲ್ಲ, ಹೊಳೆ. ಲುಬ್ಧಕ ನಕ್ಷತ್ರ ಸುಮಾರು 70 ದಿನ ಸೂರ್ಯನ ಬೆಳಕಿನಲ್ಲಿ ಮರೆಯಾಗಿದ್ದು, ಬೇಸಿಗೆಯ ನಡುವೆ ಒಂದು ಮುಂಜಾನೆ ಪೂರ್ವದಲ್ಲಿ ಮಿನುಗಿ ಮಾಯವಾಗುತ್ತದೆ. ಅದರ ಆಸುಪಾಸಿನಲ್ಲೇ ನೈಲ್ ನದಿಗೆ ನೆರೆ. ಆ ನೆರೆಯ ಮಣ್ಣಿನಿಂದಲೇ ಅವರ ಬೆಳೆ. ಹೊಸ ವರ್ಷಕ್ಕೂ ಅದೇ ಗುರುತು.

ಈಗ ಗೋರಿಗೆ ಬರೋಣ. ನೂತ್ ದೇವತೆಯ ಗ್ರಂಥ ಎಂದು ಕರೆಯುವ ಬರಹ ಅಬೈಡಾಸ್‌ನಲ್ಲಿ ಇದೇ ಸೇತಿ ಕಟ್ಟಿಸಿದ ಕಟ್ಟಡದ ಚಾವಣಿಯಲ್ಲಿದೆ, ನಾಲ್ಕನೇ ರಾಮ್ಸೆಸ್‌ನ ಗೋರಿಯಲ್ಲೂ ಇದೆ. ಅದರ ಪ್ರಕಾರ ಎಲ್ಲ ಡೆಕನ್‌ಗಳೂ ಲುಬ್ಧಕದಂತೆಯೇ 70 ದಿನ ಪಾತಾಳದಲ್ಲಿದ್ದು, ಮೈಲಿಗೆ ಕಳೆದುಕೊಂಡು ಮತ್ತೆ ಹುಟ್ಟುತ್ತವೆ. ಹೆಣವನ್ನು ಮಮ್ಮಿ ಮಾಡಲು ಅವರು ಇಟ್ಟುಕೊಂಡಿದ್ದ ಅವಧಿ ಎಷ್ಟು? 70 ದಿನ. ಸತ್ತ ರಾಜ ಮರೆಯಾದ ನಕ್ಷತ್ರ, ಮತ್ತೆ ಕಾಣಿಸಿಕೊಳ್ಳುತ್ತಾನೆ. ಲೆಕ್ಕಿಗರೇ, ಆ ಚಾವಣಿ ಆಪ್‌ಗೆ ಹೊಂದಬೇಕಿರಲಿಲ್ಲ, ಮಲಗಿದವನಿಗೆ ಹೊಂದಬೇಕಿತ್ತು.

ಅಲೆಮಾರಿ ಲೆಕ್ಕಿಗ
ಗೈಡ್ ಇದನ್ನು ಹೇಳಿದ್ದರೆ ಟಿಕೆಟ್ ದುಬಾರಿ ಎಂದು ನನ್ನ ಹೆಂಡತಿ ಈಗಲೂ ಗೊಣಗುತ್ತಿರಲಿಲ್ಲ.

ಲಂಡನ್ ಮಳೆ
ಸೇತಿಯ ಖಾಲಿ ಶವಪೆಟ್ಟಿಗೆ ಲಂಡನ್‌ನಲ್ಲಿದೆ, ಸರ್ ಜಾನ್ ಸೋನ್ ವಸ್ತುಸಂಗ್ರಹಾಲಯದಲ್ಲಿ. ಪ್ರವೇಶ ಉಚಿತ, ನಿಮ್ಮ ಮನೆಯವರಿಗೆ ಹೇಳಿ. 1817ರಲ್ಲಿ ಇಟಲಿಯ ಅನ್ವೇಷಕ ಬೆಲ್ಜೋನಿ ಗೋರಿಯನ್ನು ಪತ್ತೆಹಚ್ಚಿದವನು. ಪೆಟ್ಟಿಗೆ ಇಲ್ಲಿಗೆ ಬಂದ ಮೇಲೆ ಬ್ರಿಟಿಷ್ ಮ್ಯೂಸಿಯಂ ಬೆಲೆ ಹೆಚ್ಚೆಂದು ಬೇಡ ಎಂದಿತು, ಸೋನ್ 2,000 ಪೌಂಡ್ ಕೊಟ್ಟು ಕೊಂಡ. 1825ರ ಮಾರ್ಚ್‌ನಲ್ಲಿ ಮೂರು ಸಂಜೆ ಊರಿನ ಗಣ್ಯರನ್ನು ಕರೆದು ದೀಪ ಹಚ್ಚಿ ತೋರಿಸಿದ. ಒಂದೇ ಕಲ್ಲಿನಲ್ಲಿ ಕೆತ್ತಿದ ಪೆಟ್ಟಿಗೆ, ಬೆಳಕು ಹಿಡಿದರೆ ಕಲ್ಲಿನೊಳಗೆ ಹೊಳಪು ಹರಿಯುತ್ತದೆ. ಬಗ್ಗಿ ನೋಡಿದರೆ ಒಳಗಡೆ ತಳದಲ್ಲಿ ನೂತ್ ನಿಂತಿದ್ದಾಳೆ. ಹೆಣ ಮಲಗುವುದು ಅವಳ ಮೈಮೇಲೆ. ಮೇಲೂ ಆಕಾಶ, ಕೆಳಗೂ ಆಕಾಶ.

ಸುಮ್ಮನೆ ಓದುವವ
ಮೂರು ಸಂಜೆ ಪಾರ್ಟಿ! ಒಬ್ಬರ ಹೆಣದ ಪೆಟ್ಟಿಗೆ ಇಟ್ಟುಕೊಂಡು.

ಧೂಮಕೇತು
ಅದಕ್ಕಿಂತ ಕೆಟ್ಟ ಕಥೆ ದೆಂದೆರಾದ್ದು. ಅಲ್ಲಿ ಹಾಥೋರ್ ದೇವಾಲಯದ ಮಾಳಿಗೆಯ ಮೇಲಿನ ಪುಟ್ಟ ಗುಡಿಯ ಚಾವಣಿಯಲ್ಲಿ ದುಂಡನೆಯ ಆಕಾಶಚಿತ್ರ ಇತ್ತು. ಅಂಚಿನಲ್ಲಿ 36 ಡೆಕನ್‌ಗಳು ಮೆರವಣಿಗೆ ಹೊರಟಂತೆ, ಒಳಗೆ 12 ರಾಶಿಗಳು, ನಡುವೆ ಅದೇ ನೀರಾನೆ ಮತ್ತು ಹೋರಿಯ ಕಾಲು. ಕ್ರಿ.ಪೂ. ಮೊದಲನೇ ಶತಮಾನದ್ದು. 1821ರಲ್ಲಿ ಸೊಲ್ನಿಯೆ ಎಂಬ ಫ್ರೆಂಚ್ ಸಂಗ್ರಾಹಕ ಕಳಿಸಿದ ಲೆಲೊರೇನ್ ಎಂಬವನು ಗರಗಸ, ಸಿಡಿಮದ್ದು ಬಳಸಿ ಚಾವಣಿಯನ್ನೇ ಕಿತ್ತು ಪ್ಯಾರಿಸಿಗೆ ಸಾಗಿಸಿದ. ಹದಿನೆಂಟನೇ ಲೂಯಿ 1,50,000 ಫ್ರಾಂಕ್ ಕೊಟ್ಟು ಕೊಂಡ. ಈಗ ಲೂವ್ರ್‌ನಲ್ಲಿದೆ. ದೆಂದೆರಾದಲ್ಲಿ ತಲೆ ಎತ್ತಿದರೆ ಕಾಣುವುದು ಗಾರೆಯ ಪಡಿಯಚ್ಚು.

ನಿಮಗೆ ನಕ್ಷೆಯೇ ಬೇಕೆಂದರೆ ಅದಕ್ಕೆ ಹತ್ತಿರ ಬರುವುದು ಇದೊಂದೇ. ರಾಶಿಗಳು ಹೆಚ್ಚುಕಡಿಮೆ ತಮ್ಮ ತಮ್ಮ ಜಾಗದಲ್ಲಿವೆ. ಆದರೆ ರಾಶಿಗಳು ಈಜಿಪ್ಟಿನವಲ್ಲ, ಹೊರಗಿನಿಂದ ಬಂದವು. ಸೇತಿಯ ಕಾಲದಲ್ಲಿ ಮೇಷ, ವೃಷಭ ಎಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಚಾವಣಿಯಲ್ಲಿ ಸಿಂಹ ಕಂಡ ಕೂಡಲೇ ಸಿಂಹರಾಶಿ ಎನ್ನುವವರು ಮುಗ್ಗರಿಸುವುದು ಇಲ್ಲೇ.

ಕಾವೇರಿ ತೀರ
ಶೃಂಗೇರಿಯ ವಿದ್ಯಾಶಂಕರ ದೇವಾಲಯದಲ್ಲಿ ಹನ್ನೆರಡು ರಾಶಿಕಂಬಗಳಿವೆಯಲ್ಲ, ಆಯಾ ತಿಂಗಳ ಬಿಸಿಲು ಆಯಾ ಕಂಬಕ್ಕೆ ಬೀಳುತ್ತದೆ ಎನ್ನುತ್ತಾರೆ. ದೆಂದೆರಾದಲ್ಲೂ ಬಿಸಿಲಿನ ಏರ್ಪಾಡು ಇದೆಯೇ?

ಧೂಮಕೇತು
ಆ ಗುಡಿ ಕತ್ತಲೆಯದ್ದು, ಸತ್ತು ಮತ್ತೆ ಹುಟ್ಟುವ ದೇವರು ಓಸಿರಿಸ್‌ನ ಪುನರ್ಜನ್ಮಕ್ಕೆ ಸಂಬಂಧಿಸಿದ್ದು. ಬಿಸಿಲಿಗೆ ಅಲ್ಲಿ ಕೆಲಸವಿಲ್ಲ. ರಾಶಿಗಳ ಬಣ್ಣ ನೋಡಬೇಕೆಂದರೆ ಎಸ್ನಾಗೆ ಹೋಗಿ. ಖ್ನೂಮ್ ದೇವಾಲಯದ ಚಾವಣಿಯ ಮಸಿ ತೊಳೆದ ಮೇಲೆ 2023ರಲ್ಲಿ ಹನ್ನೆರಡೂ ರಾಶಿಗಳು ಬಣ್ಣಬಣ್ಣವಾಗಿ ಹೊರಬಂದಿವೆ.

ಸುಮ್ಮನೆ ಓದುವವ
ಸೆನೆನ್‌ಮುತ್‌ನ ಚಾವಣಿಯಲ್ಲಿ ಮಂಗಳ ಗ್ರಹ ಇಲ್ಲ, ಅದರಿಂದ ಚಾವಣಿ ಬರೆದ ದಿನವನ್ನೇ ಕಂಡುಹಿಡಿಯಬಹುದು ಎಂದು ಎಲ್ಲೋ ಓದಿದ್ದೆ. ನಿಜವೇ?

ಗಣಿತದ ಅಕ್ಕ
ಇಲ್ಲದಿರುವುದು ನಿಜ. ಗುರು, ಶನಿ, ಬುಧ, ಶುಕ್ರ ಇದ್ದಾರೆ, ಮಂಗಳನ ಹೆಸರಿಲ್ಲ. ಗ್ರಹಗಳು ಸಾಗುವ ದೋಣಿಗಳಲ್ಲಿ ಒಂದು ಖಾಲಿ ಇದೆ. ಬೇರೆ ಪಟ್ಟಿಗಳಲ್ಲಿ ಮಂಗಳನನ್ನು "ಹಿಂದಕ್ಕೆ ಸಾಗುವವನು" ಎನ್ನುತ್ತಾರೆ, ಅಂದರೆ ವಕ್ರಗತಿ ಅವರ ಕಣ್ಣಿಗೆ ಬಿದ್ದಿತ್ತು. ಮಂಗಳ ವಕ್ರಿಯಾಗಿದ್ದ ರಾತ್ರಿಯ ಆಕಾಶ ಇದು ಎಂದು ವರ್ಷ ಕಟ್ಟಿದವರಿದ್ದಾರೆ. ಕಟ್ಟಿದವರೆಲ್ಲರ ವರ್ಷವೂ ಒಂದೇ ಅಲ್ಲ, ಅದೇ ಸಾಕು ನನಗೆ. ಈ ಚಾವಣಿಗಳು ಹಳೆಯ ಸುರುಳಿ ನೋಡಿ ನಕಲು ಮಾಡಿದವು. ಸಾಲುಗಳು ಎಡವಟ್ಟಾಗಿವೆ, ಹೆಸರು ಜಾರಿವೆ. ನಕಲಿನಲ್ಲಿ ಬಿಟ್ಟುಹೋದ ಒಂದು ಹೆಸರನ್ನು ಹಿಡಿದು ಜಾತಕ ಬರೆಯುವುದು ನನಗೆ ಒಪ್ಪಿಗೆಯಿಲ್ಲ.

ಧೂಮಕೇತು
ಇಲ್ಲಿ ನಾನು ಅಕ್ಕನ ಜೊತೆ ಪೂರ್ತಿ ಇಲ್ಲ. ಒಂದು ಪಟ್ಟಿಯಲ್ಲಿ ಕೈತಪ್ಪಿದರೆ ಸರಿ, ಆದರೆ ಖಾಲಿ ದೋಣಿ ಬೇಕೆಂದೇ ಬರೆದದ್ದಲ್ಲವೇ? ಜಾಗ ಬಿಟ್ಟಿದ್ದಾರೆ ಎಂದರೆ ಮನಸ್ಸಿನಲ್ಲಿ ಏನೋ ಇತ್ತು.

ಗಣಿತದ ಅಕ್ಕ
ಏನೋ ಇತ್ತು ಎನ್ನುವುದಕ್ಕೂ ಇಂಥದ್ದೇ ರಾತ್ರಿ ಎನ್ನುವುದಕ್ಕೂ ನಡುವೆ ನೈಲ್ ನದಿಯಷ್ಟು ಅಗಲವಿದೆ.

ಪಂಚಾಂಗದ ಮೇಷ್ಟ್ರು
ಪಟ್ಟಿ ಹಳೆಯದಾದರೆ ಅದರಿಂದ ಹೊತ್ತು ಹೇಗೆ ನೋಡುತ್ತಿದ್ದರು? ನಮ್ಮಲ್ಲಿ ಗಳಿಗೆ ಬಟ್ಟಲು ಇತ್ತು. ಅವರಲ್ಲಿ?

ರಾತ್ರಿಪಾಳಿ
ಇದು ನನಗೆ ಗೊತ್ತು. ನಮ್ಮ ಗಳಿಗೆ ಬಟ್ಟಲು ನೀರಿನ ಮೇಲೆ ತೇಲಿ, ತಳದ ತೂತಿನಿಂದ ನೀರು ತುಂಬಿ ಮುಳುಗುವುದು. ಅವರದು ಉಲ್ಟಾ: ದೊಡ್ಡ ಕಲ್ಲಿನ ಪಾತ್ರೆ, ತಳದಿಂದ ನೀರು ಸೋರಿ ಹೋಗುವುದು. ಮೂರನೇ ಅಮೆನ್‌ಹೊತೆಪ್‌ನ ಕಾಲದ್ದು ಕಾರ್ನಕ್‌ನಲ್ಲಿ 1904ರಲ್ಲಿ ಸಿಕ್ಕಿತು. ರಾತ್ರಿಯ ಉದ್ದ ತಿಂಗಳಿಂದ ತಿಂಗಳಿಗೆ ಬದಲಾಗುತ್ತದಲ್ಲ, ಅದಕ್ಕಾಗಿ ಒಳಗೋಡೆಯಲ್ಲಿ ತಿಂಗಳಿಗೊಂದರಂತೆ 12 ಸಾಲು ಗುರುತು. ಹೊರಮೈಯಲ್ಲಿ ಏನಿದೆ ಎಂದು ಊಹಿಸಿ. ಅದೇ ನೀರಾನೆ, ಅದೇ ಹೋರಿ, ಅದೇ ಡೆಕನ್‌ಗಳು. ಗೋರಿಯ ಚಾವಣಿಯನ್ನೇ ಸುತ್ತಿ ಮಡಕೆಗೆ ಅಂಟಿಸಿದಂತೆ.

ಗಣಿತದ ಅಕ್ಕ
ರಾತ್ರಿಪಾಳಿಯವರು ಕೊನೆಗೂ ಕೆಣಕದೆ ಒಂದು ಮಾತು ಹೇಳಿದರು! ಹಳೆಯದಾಗುವ ವಿಷಯಕ್ಕೆ ಉತ್ತರ: ಅವರದು 365 ದಿನದ ವರ್ಷ, ಅಧಿಕ ದಿನ ಇಲ್ಲ. ನಾಲ್ಕು ವರ್ಷಕ್ಕೊಂದು ದಿನ ಜಾರುತ್ತದೆ. ನಲವತ್ತು ವರ್ಷಕ್ಕೆ ಹತ್ತು ದಿನ, ಅಂದರೆ ಪಟ್ಟಿಯಲ್ಲಿ ಒಂದು ಇಡೀ ಸಾಲು ತಪ್ಪು. ಅಸ್ಯೂತ್ ಊರಿನ ಶವಪೆಟ್ಟಿಗೆಗಳ ಮುಚ್ಚಳದ ಒಳಮೈಯಲ್ಲಿ ಈ ಪಟ್ಟಿಗಳಿವೆ. ಒಂದೊಂದು ಡೆಕನ್ ಹತ್ತು ದಿನಕ್ಕೊಮ್ಮೆ ಒಂದು ಮನೆ ಮೇಲೇರುತ್ತಾ ಓರೆಯಾಗಿ ಸಾಗುತ್ತದೆ. ಅಡ್ಡಸಾಲು 12. ಬೇಸಿಗೆಯ ಗಿಡ್ಡ ರಾತ್ರಿಯಲ್ಲಿ ಪೂರ್ತಿ ಕತ್ತಲಿರುವಷ್ಟು ಹೊತ್ತಿನಲ್ಲಿ 12 ಡೆಕನ್‌ಗಳು ಹುಟ್ಟುತ್ತವೆ, ಆದ್ದರಿಂದ ರಾತ್ರಿಗೆ 12 ಹೊತ್ತು. ಹಗಲಿಗೂ 12 ಸೇರಿಸಿದರು. ನಮ್ಮ ಗೋಡೆ ಗಡಿಯಾರದ 24 ಗಂಟೆ ಅಲ್ಲಿಂದ ಬಂದದ್ದು.

ಆರು, ಏಳು, ಒಂಬತ್ತನೇ ರಾಮ್ಸೆಸ್‌ಗಳ ಗೋರಿಗಳ ಚಾವಣಿಯಲ್ಲಿ ಇನ್ನೊಂದು ಬಗೆ ಇದೆ. ಲೆಕ್ಕಿಗರೇ, ನಿಮ್ಮ ಫೋಟೋಗಳಲ್ಲಿ ಮುಂದಕ್ಕೆ ಮುಖ ಮಾಡಿ ಕುಳಿತ ಗಂಡಸಿನ ಚಿತ್ರ, ಅವನ ಹಿಂದೆ ಚೌಕುಳಿ, ಚುಕ್ಕಿಗಳು ಇವೆಯೇ ನೋಡಿ. ತಿಂಗಳಿಗೆ ಎರಡರಂತೆ 24 ಪಟ್ಟಿಗಳು. ಯಾವ ಹೊತ್ತಿಗೆ ಯಾವ ನಕ್ಷತ್ರ ಕುಳಿತವನ ಬಲಗಿವಿಯ ಮೇಲೆ, ಎಡಗಣ್ಣಿನ ಮೇಲೆ, ಎದೆಯ ನೇರಕ್ಕೆ, ಎಡಭುಜದ ಮೇಲೆ ಎಂದು ಬರೆದಿದೆ. ಈ ಪಟ್ಟಿ ಕೂಡ ಗೋರಿಗೆ ಬರೆಯುವ ಹೊತ್ತಿಗೆ ಸುಮಾರು ಮುನ್ನೂರು ವರ್ಷ ಹಳೆಯದಾಗಿತ್ತು. ಆದರೂ ಬರೆದರು.

ಪಂಚಾಂಗದ ಮೇಷ್ಟ್ರು
ತಪ್ಪು ಪಂಚಾಂಗವನ್ನು ರಾಜನ ತಲೆಯ ಮೇಲೆ ಬರೆದರೇ!

ಧೂಮಕೇತು
ಉತ್ತರಾಯಣ ಡಿಸೆಂಬರ್ 22ರ ಹೊತ್ತಿಗೇ ಶುರುವಾದರೂ ನಾವು ಜನವರಿ ಮಧ್ಯದಲ್ಲಿ ಎಳ್ಳು ಬೀರುವುದಿಲ್ಲವೇ ಮೇಷ್ಟ್ರೇ?

ಪಂಚಾಂಗದ ಮೇಷ್ಟ್ರು
ಅದು ನಿರಯಣ, ನಕ್ಷತ್ರ ಹಿಡಿದು ಎಣಿಸುವ ಲೆಕ್ಕ. ಅದಕ್ಕೆ ಬೇರೆ ಚರ್ಚೆ ತೆಗೆಯಿರಿ, ಅಲ್ಲಿ ನಿಮಗೆ ಉತ್ತರ ಕೊಡುತ್ತೇನೆ.

ಅಲೆಮಾರಿ ಲೆಕ್ಕಿಗ
ಸಿಕ್ಕಿತು! ಕುಳಿತವನ ಫೋಟೋ ಇದೆ. ಓರೆಯಾಗಿ ತೆಗೆದಿದ್ದೇನೆ, ಕಂದು ಮೈ, ಕೈ ಮೊಣಕಾಲ ಮೇಲೆ. ಯಾರೋ ರಾಜನೆಂದುಕೊಂಡು ಅಳಿಸಲು ಹೊರಟಿದ್ದೆ.

ಗಣಿತದ ಅಕ್ಕ
ಅಳಿಸಬೇಡಿ. ಅವನ ಕೆಲಸವನ್ನು ನಾವು ಶಿವರಾತ್ರಿಯ ಜಾಗರಣೆಯಲ್ಲಿ ಮಾಡಿ ನೋಡಿದೆವು, ಮೈಸೂರಿನ ನಮ್ಮ ಮನೆಯ ತಾರಸಿಯ ಮೇಲೆ. ಚಂದ್ರ ಇಲ್ಲದ ರಾತ್ರಿ ಬೇರೆ ಸಿಗುತ್ತದೆಯೇ? ನನ್ನ ತಮ್ಮನನ್ನು ಮಣೆಯ ಮೇಲೆ ಉತ್ತರಕ್ಕೆ ಮುಖ ಮಾಡಿ ಕೂರಿಸಿ, ನಾನು ಎಂಟು ಅಡಿ ದೂರದಲ್ಲಿ ದಕ್ಷಿಣಕ್ಕೆ ಮುಖ ಮಾಡಿ ಕೂತೆ. ಕೈಯಲ್ಲಿ ಗಾರೆಯವರ ತೂಗುಗುಂಡು. ಅಗಸ್ತ್ಯ ನಕ್ಷತ್ರ ಅವನ ನೆತ್ತಿಯ ನೇರಕ್ಕೆ ಬಂದಾಗ ಹೊತ್ತು ಬರೆದುಕೊಂಡೆ, ಒಂಬತ್ತು ಗಂಟೆಯ ಸುಮಾರು. ನಕ್ಷತ್ರ ಪೂರ್ವದಿಂದ ಪಶ್ಚಿಮಕ್ಕೆ ಹೋಗುವುದರಿಂದ ಅವನ ಬಲದಿಂದ ಎಡಕ್ಕೆ ಸರಿಯುತ್ತದೆ. ಎಡಭುಜದ ಅಂಚಿಗೆ ಬರಲು ಸುಮಾರು ಅರ್ಧ ಗಂಟೆ ಹಿಡಿಯಿತು. ಕಿವಿಗೂ ಕಣ್ಣಿಗೂ ನಡುವಿನ ವ್ಯತ್ಯಾಸ ಹಿಡಿಯಲು ನನ್ನಿಂದ ಆಗಲಿಲ್ಲ, ಏಕೆಂದರೆ ಅವನು ಸೊಳ್ಳೆ ಹೊಡೆಯುತ್ತಾ ಅಲ್ಲಾಡುತ್ತಲೇ ಇದ್ದ. ಎರಡನೇ ನಕ್ಷತ್ರಕ್ಕೆ ಕೂರು ಎಂದರೆ ಕೆಳಗೆ ಪಾನಕ ಕುಡಿದು ಬರುತ್ತೇನೆಂದು ಹೋದವನು ಬರಲೇ ಇಲ್ಲ.

ಹೊಲದ ಬದಿ
ನೈಲ್ ದಡದಲ್ಲೂ ಸೊಳ್ಳೆ ಕಡಿಮೆ ಇರಲಿಕ್ಕಿಲ್ಲ ಅಕ್ಕ. ಪಾಪ ಆ ಪೂಜಾರಿ.

ಅಲೆಮಾರಿ ಲೆಕ್ಕಿಗ
ಮುಂದಿನ ಅಮಾವಾಸ್ಯೆಗೆ ನಾನೂ ಪ್ರಯತ್ನಿಸುತ್ತೇನೆ. ಮಣೆಯ ಮೇಲೆ ನಾನೇ ಕೂರಬೇಕಂತೆ. ತೂಗುಗುಂಡು ಹೆಂಡತಿ ಹಿಡಿಯುತ್ತಾಳೆ. ಟಿಕೆಟ್ ಹಣ ವಸೂಲಾಗಬೇಕಂತೆ.